ಮನೆಯವರಿಗೆ ಮಾರುವ ಕಾರು

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೆಲ್ಲ ಗುಂಡಿ, ಜಿಪ್ಪು, ದಾರ ಮಾರುವ ರುದ್ರಮುನಿಗೆ ಈ ಲೋಕದಲ್ಲಿ ಪೂರ್ತಿ ನಂಬಿಕೆ ಇದ್ದದ್ದು ಎರಡರ ಮೇಲೆ. ಒಂದು ತನ್ನ ಮಾತು, ಇನ್ನೊಂದು ತನ್ನ ಕಾರಿನ ಎಂಜಿನ್. ಆ ಸಾಲಿನಲ್ಲಿ ಮೂರನೆಯವಳಾಗಿ ನಿಲ್ಲುವ ಆಸೆಯನ್ನು ಹೆಂಡತಿ ಬಸವರಾಜೇಶ್ವರಿ ಕಾರು ಮನೆಗೆ ಬಂದ ವರ್ಷವೇ ಬಿಟ್ಟಿದ್ದಳು.

ಕಾರಿಗಿಂತ ಎಂಜಿನ್ನೇ ದೊಡ್ಡದು ಎಂಬುದು ಆತನ ವಾದ. ಅದು ಒಂದು ಪಾಯಿಂಟ್ ಮೂರು ಲೀಟರಿನ ಡೀಸೆಲ್ ಎಂಜಿನ್. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿಟ್ಟು, ಬೇರೆ ಬೇರೆ ಮುಖದ ಕಾರುಗಳಲ್ಲಿ ಕೂರಿಸಿ ಮಾರಿದ್ದು ಅದೊಂದನ್ನೇ. ಡಾಕ್ಟರ ಕಾರಿನಲ್ಲೂ ಅದೇ, ಟ್ಯಾಕ್ಸಿಯವನ ಕಾರಿನಲ್ಲೂ ಅದೇ. ಗುಂಡಿ ಕೊಳ್ಳಲು ಬಂದವರು ಬಣ್ಣ ಆರಿಸುವಷ್ಟರಲ್ಲಿ ರುದ್ರಮುನಿ ಅವರಿಗೆ ಎಂಜಿನ್ ಪುರಾಣದ ಒಂದು ಅಧ್ಯಾಯ ಮುಗಿಸಿರುತ್ತಿದ್ದ.

"ಡೀಸೆಲ್ ಕುಡಿಯಂಗಿಲ್ರಿ, ಬರೇ ವಾಸನಿ ತಗೊಂಡು ಓಡ್ತದ. ಬೇರೆ ಎಂಜಿನ್ನಿನೊಳಗ ರಬ್ಬರ್ ಬೆಲ್ಟು. ಇದರಾಗ ಉಕ್ಕಿನ ಚೈನು! ಹುಟ್ಟಿದಾಗ ಹಾಕಿದ್ದು ಸಾಯೋತನಕ. ಬಿಡಿಭಾಗ ಬೇಕಂದ್ರ ಯಾವ ಊರಾಗಾದ್ರು ಸಿಗ್ತಾವ್ರಿ."

ಇದೆಲ್ಲ ಸುಳ್ಳೇನಲ್ಲ. ಎಂಜಿನ್ ನಿಜಕ್ಕೂ ಒಳ್ಳೆಯದೇ. ತಕರಾರಿದ್ದದ್ದು ಹೊಗಳಿಕೆಯನ್ನೇ ಎಂಜಿನ್ನಿಗೆ ಎಣ್ಣೆ ಎಂದು ರುದ್ರಮುನಿ ತಿಳಿದಿದ್ದರಲ್ಲಿ. ಕಾಲಕಾಲಕ್ಕೆ ಆಯಿಲ್ ಬದಲಿಸಬೇಕೆಂದು ಕಂಪನಿಯವರು ಪುಸ್ತಕದಲ್ಲಿ ಬರೆದದ್ದು ಹೆದರುವವರಿಗಾಗಿ ಎಂದು ಆತ ತೀರ್ಮಾನಿಸಿದ್ದ. ಕಡಿಮೆಯಾದಾಗ ಒಂದಿಷ್ಟು ಸುರಿಯುತ್ತಿದ್ದ. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಬಾನೆಟ್ಟಿನೊಳಗೆ ತಗಡಿನ ಡಬ್ಬಿಯಲ್ಲಿ ನಟ್ಟು ಬೋಲ್ಟು ಹಾಕಿ ಕುಲುಕಿದಂತೆ ಸದ್ದು ಶುರುವಾದಾಗ, "ಡೀಸೆಲ್ ಗಾಡಿ ಅಂದಮ್ಯಾಲ ಒಂದೀಟು ಮಾತಾಡ್ಬೇಕು. ಸುಮ್ನಿದ್ರ ಪೆಟ್ರೋಲ್ ಗಾಡಿ ಆತು" ಎಂದ.

ಸದ್ದು ಜೋರಾದ ಮೇಲೆ, ಅದೂ ಓಣಿಯ ನಾಯಿಗಳು ಎದ್ದು ಉತ್ತರ ಕೊಡತೊಡಗಿದ ಮೇಲೆ, ಒಂದು ದಿನ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದ. ಬಸವರಾಜೇಶ್ವರಿ ಹಿಂದಿನ ಸೀಟಿನಲ್ಲಿ ತರಕಾರಿ ಚೀಲ ಹಿಡಿದು ಕೂತಿದ್ದಳು. ಮೆಕ್ಯಾನಿಕ್ಕು ಬಾನೆಟ್ಟು ಎತ್ತುವ ಗೋಜಿಗೂ ಹೋಗದೆ, ಬೆಳಗಿನ ಸದ್ದಿನ ವಿವರ ಕೇಳಿಯೇ ಹೇಳಿಬಿಟ್ಟ: ಒಳಗಿನ ಚೈನು ಸಡಿಲಾಗಿದೆ. ಹಳೇ ಎಣ್ಣೆಯಲ್ಲಿ ಓಡಿಸಿದರೆ ಹೀಗೇ. ಚೈನನ್ನು ಬಿಗಿ ಹಿಡಿಯುವುದು ಎಣ್ಣೆಯ ಒತ್ತಡ. ಬೆಳಿಗ್ಗೆ ಎಣ್ಣೆ ಮೇಲೇರುವ ತನಕ ಬಡಿದುಕೊಳ್ಳುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ.

ದಾರಿಯಲ್ಲಿ ಬಸವರಾಜೇಶ್ವರಿ ಕೇಳಿದಳು. "ಚೈನು ಹರಿದ್ರ ಏನಾಗ್ತದ್ರಿ?"

"ಹರಿಯಂಗಿಲ್ಲ, ಹಲ್ಲು ಬಿಟ್ಟು ಜಿಗೀತದ. ಜಿಗಿದ್ರ ಎಂಜಿನ್ ಒಳಗಿಂದೊಳಗ ಹೊಡಕೊಂಡು ಎಲ್ಲಿ ಐತಿ ಅಲ್ಲೇ ಕುಂದರ್ತದ." ಹೀಗೆಂದವನು ಕನ್ನಡಿಯಲ್ಲಿ ಅವಳ ಮುಖ ನೋಡಿ, "ನೀ ಏನೂ ಕೇಳಿಸ್ಕೊಂಡಿಲ್ಲ" ಎಂದು ಸೇರಿಸಿದ.

ಚೈನು ಹಾಕಿಸುತ್ತಾನೆ ಎಂದು ಅವಳು ತಿಳಿದಿದ್ದಳು. ಕಾರು ಮಾರುತ್ತೇನೆ ಎಂದ. ಹೋಗಲಿ, ಯಾರೋ ದಳ್ಳಾಳಿಗೆ ಕೊಡುತ್ತಾನೆ ಎಂದುಕೊಂಡಳು. ಒಂದು ರಾತ್ರಿ ರೊಟ್ಟಿ ಮುರಿಯುತ್ತಾ ಹೇಳಿದ: "ಸುಮಾಗ ಕೊಡೋಣು. ವಾಗೀಶನ ಕೂಡ ಮಾತಾಡೀನಿ, ಒಪ್ಪ್ಯಾನ."

ಸುಮಾ ಬಸವರಾಜೇಶ್ವರಿಯ ಒಡಹುಟ್ಟಿದ ತಂಗಿ, ವಾಗೀಶ ಅವಳ ಗಂಡ. ಅವಳನ್ನು ಮಡಕಶಿರಾಕ್ಕೆ ಕೊಟ್ಟಿತ್ತು, ಈಗ ಮಾತೂ ಆ ಕಡೆಯದೇ ಆಗಿತ್ತು. ಹತ್ತಿರದ ಅಗಳಿ ಎಂಬ ಊರಿನ ಶಾಲೆಯಲ್ಲಿ ಟೀಚರು. ಬಸ್ಸು ಬಂದರೆ ಬಸ್ಸು, ಇಲ್ಲದಿದ್ದರೆ ಆಟೋದಲ್ಲಿ ಡ್ರೈವರನ ಪಕ್ಕ ಅರ್ಧ ಸೀಟು. ಇದರಲ್ಲೇ ಇಷ್ಟು ವರ್ಷ ಓಡಾಡಿ ಸಾಕಾಗಿ ಈಚೆಗೆ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು.

"ಹೊರಗಿನವ್ರಿಗೆ ಮಾರಬಹುದಲ್ರಿ," ಎಂದಳು ಬಸವರಾಜೇಶ್ವರಿ.

"ಹೊರಗಿನವ್ರು ನಾಳಿ ಬಂದು ಅಂಗಡಿ ಮುಂದ ಜಗಳ ತಗೀತಾರ. ಮನೀಯವ್ರಾದ್ರ ಅರ್ಥ ಮಾಡ್ಕೊಂತಾರ."

ಸಂಬಂಧಗಳ ಬೆಲೆ ಇಷ್ಟು ಚೆನ್ನಾಗಿ ತಿಳಿದ ಗಂಡ ಎಲ್ಲರಿಗೂ ಸಿಗುವುದಿಲ್ಲ. ಮರುದಿನ ಆತ ಅಂಗಡಿಗೆ ಹೋದಾಗ ಬಸವರಾಜೇಶ್ವರಿ ತಂಗಿಗೆ ಫೋನು ಮಾಡಿದಳು. ಬಾಯಿ ತೆರೆಯುವಷ್ಟರಲ್ಲಿ ಸುಮಾ ಶುರು ಮಾಡಿದಳು: "ಅಕ್ಕಾ, ನಾನಾಗ್ಲೇ ಸ್ಕೂಲಲ್ಲಿ ಎಲ್ರಿಗೂ ಹೇಳ್ಬಿಟ್ಟೆ ಕಣೆ. ಬಾವ ಕೊಡೋ ಗಾಡಿ ಅಂದ್ಮೇಲೆ ಕಣ್ ಮುಚ್ಕೊಂಡ್ ತಗೋಬೋದು ಅಂತ ನಮ್ಮೋರೂ ಅಂದ್ರು." ಬಸವರಾಜೇಶ್ವರಿಯ ಬಾಯಲ್ಲಿದ್ದ ಮಾತು ಅಲ್ಲೇ ಉಳಿಯಿತು. ಹೇಳಿದರೆ ಗಂಡನ ಮಾನ ತವರಿನವರ ಮುಂದೆ ಹೋಗುತ್ತದೆ. ಹೇಳದಿದ್ದರೆ ಅಗಳಿಯ ರಸ್ತೆಯಲ್ಲಿ, ಹಿಂದೆ ಮುಂದೆ ಒಂದು ಮನೆಯಿಲ್ಲದ ಕಡೆ, ತಂಗಿ ಸತ್ತ ಎಂಜಿನ್ನಿನ ಮುಂದೆ ನಿಲ್ಲುತ್ತಾಳೆ. "ಬಿಸಿಲು ಹೆಂಗೈತಿ ನಿಮ್ ಕಡಿ?" ಎಂದು ಕೇಳಿ ಫೋನಿಟ್ಟಳು. ಇಟ್ಟ ಮೇಲೆ ತನ್ನ ಮೇಲೇ ಸಿಟ್ಟು ಬಂತು.

ಎರಡನೇ ಶನಿವಾರ ಸುಮಾಗೆ ರಜೆ. ಅಂದೇ ಹೊರಟರು. ಬೆಳಗಿನ ಗಲಾಟೆಯನ್ನು ರಾಯದುರ್ಗದಲ್ಲೇ ಮುಗಿಸಿದ ಎಂಜಿನ್ನು ಕಲ್ಯಾಣದುರ್ಗ ದಾಟುವ ಹೊತ್ತಿಗೆ ತಂಗಾಳಿಯಂತೆ ಹೋಗುತ್ತಿತ್ತು. ಪಾವಗಡದಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗಲೂ ರುದ್ರಮುನಿ ಎಂಜಿನ್ ಬಂದ್ ಮಾಡಲಿಲ್ಲ. ಆತನ ಯೋಜನೆ ಸರಳವಾಗಿತ್ತು: ಬಿಸಿ ಬಿಸಿ ಕಾರನ್ನು ತೋರಿಸುವುದು, ಊಟ ಮಾಡುವುದು, ಕೀಲಿ ಕೊಟ್ಟು ಮಧ್ಯಾಹ್ನದ ಬಸ್ಸು ಹತ್ತುವುದು. ಮರುದಿನ ಬೆಳಿಗ್ಗೆ ಎಂಜಿನ್ ಏನು ಮಾತಾಡಿದರೂ ಅದು ಮಡಕಶಿರಾದ ಡೀಸೆಲ್ಲಿನ ದೋಷ.

ಸುಮಾಳ ಮನೆ ಬೆಟ್ಟದ ಬುಡದ ಇಳಿಜಾರು ಬೀದಿಯಲ್ಲಿತ್ತು. ಗಂಡ ವಾಗೀಶ ಜೂನಿಯರ್ ಕಾಲೇಜಿನಲ್ಲಿ ಗಣಿತದ ಲೆಕ್ಚರರು. ಹಳೇ ಕಾರು ಕೊಳ್ಳುವುದು ಹೇಗೆ ಎಂಬ ವಿಡಿಯೋಗಳನ್ನು ತಿಂಗಳುಗಟ್ಟಲೆ ನೋಡಿ ಪರಿಣತನಾಗಿದ್ದ. ಆ ಪರಿಣತಿಯಿಂದ ನಾಲ್ಕೂ ಟೈರುಗಳನ್ನು ಒದ್ದು ನೋಡಿದ, ನಾಲ್ಕೂ ಬಾಗಿಲುಗಳನ್ನು ತೆಗೆದು ಹಾಕಿದ, ಹಾರ್ನ್ ಹೊಡೆದು ತೃಪ್ತಿಯಿಂದ ತಲೆಯಾಡಿಸಿದ.

"ಎಂಜಿನ್ ಸೌಂಡ್ ಸೂಪರಾಗೈತೆ ಕಣಣ್ಣ."

"ಇದು ಸೌಂಡಲ್ಲಪ್ಪಾ, ಸಂಗೀತ," ಎಂದ ರುದ್ರಮುನಿ.

ಗುಡಿಬಂಡೆ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರೋಣ ಎಂದು ನಾಲ್ವರೂ ಕೂತರು. ಸುಮಾ ಓಡಿಸಿದಳು. ಮುಂದೆ ಕಡಲೆಕಾಯಿ ಮೂಟೆ ಹೊತ್ತ ಟ್ರ್ಯಾಕ್ಟರು ಹೋಗುತ್ತಿತ್ತು. ಅದನ್ನು ದಾಟಲೆಂದು ಅವಳು ಪೆಡಲು ಒತ್ತಿದಳು. ಏನೂ ಆಗಲಿಲ್ಲ. ಇನ್ನೂ ಒತ್ತಿದಳು. ಇನ್ನೇನು ದಾಟುವುದು ಬೇಡವೆಂದು ಬಿಡಬೇಕೆನ್ನುವಾಗ ಕಾರು ಹಿಂದಿನಿಂದ ಯಾರೋ ಒದ್ದಂತೆ ಮುಂದಕ್ಕೆ ಜಿಗಿಯಿತು. ವಾಗೀಶ ಡ್ಯಾಶ್‌ಬೋರ್ಡು ಹಿಡಿದುಕೊಂಡ.

"ಟರ್ಬೋ ಅಂದ್ರ ಹಂಗಪ್ಪಾ," ಎಂದ ರುದ್ರಮುನಿ ಹಿಂದಿನಿಂದ. "ಮೊದ್ಲು ವಿಚಾರ ಮಾಡ್ತದ, ಆಮ್ಯಾಲ ಕೆಲ್ಸ ಮಾಡ್ತದ. ದುಡುಕಿನ ಎಂಜಿನ್ ಅಲ್ಲ."

"ಹಿಂದ್ಗಡೆ ಕರೀ ಹೊಗೆ ಬತ್ತೈತಲ್ಲ ಬಾವ," ಎಂದಳು ಸುಮಾ ಕನ್ನಡಿ ನೋಡುತ್ತಾ.

"ಎದಿಯೊಳಗಿನ ಕಫ ಹೊರಗ ಬಂದ್ರ ಒಳ್ಳೇದಲ್ಲೇನವ್ವಾ? ಒಳಗ ಒಂದು ವಾಲ್ವ್ ಐತಿ, ಅದಕ್ಕ ಮಸಿ ಕಟ್ಕೊಂತದ. ಹಿಂಗ ಜೋರಾಗಿ ಓಡಿಸಿದ್ರ ತಾನ ಸ್ವಚ್ಛ ಮಾಡ್ಕೊಂತದ."

ಬಸವರಾಜೇಶ್ವರಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಈ ಮನುಷ್ಯನ ಬಾಯಲ್ಲಿ ಕಾರಿನ ರೋಗಗಳೆಲ್ಲ ಸದ್ಗುಣಗಳಾಗುತ್ತಿದ್ದವು. ಹೆಂಡತಿಯ ಮಂಡಿನೋವನ್ನು ಮಾತ್ರ ಒಮ್ಮೆಯೂ ಹೀಗೆ ಹೊಗಳಿರಲಿಲ್ಲ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು, ಜೊತೆಗೆ ಹೋಳಿಗೆ. ಹೊಸ ಕಾರಿನ ಸಂಭ್ರಮಕ್ಕೆಂದು ಸುಮಾ ಬೆಳಗಿನಿಂದ ಒಲೆಯ ಮುಂದಿದ್ದಳು. ಬಡಿಸುವಾಗ ಅವಳ ಮುಖದ ಮೇಲಿದ್ದ ಬೆಳಕು ನೋಡಿ ಬಸವರಾಜೇಶ್ವರಿ ಹೋಳಿಗೆಯನ್ನು ತಟ್ಟೆಯ ಬದಿಗೆ ಸರಿಸಿದಳು. ಕೈ ತೊಳೆದ ರುದ್ರಮುನಿ ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು, "ಬಾ ತಮ್ಮಾ, ತಗೋ. ನಮ್ಗ ಬಸ್ಸಿಗೆ ಹೊತ್ತಾತು" ಎಂದ.

ಅಷ್ಟರಲ್ಲಿ ಬಸವರಾಜೇಶ್ವರಿಯ ಬಾಯಿಂದ, ತಾನೇ ಯೋಚಿಸಿರದ ಒಂದು ಮಾತು ಬಂತು.

"ಅಯ್ಯ, ಇವತ್ತು ಶನಿವಾರ ಅಲ್ಲೇನ್ರಿ? ಶನಿವಾರ ದಿನ ಕಬ್ಬಿಣದ ವಸ್ತು ಮನೀಗೆ ತರಬಾರ್ದು. ಇದರಾಗ ಕಬ್ಬಿಣನೂ ಐತಿ, ಎಣ್ಣಿನೂ ಐತಿ."

ರುದ್ರಮುನಿ ಅವಳನ್ನು ನೋಡಿದ ನೋಟಕ್ಕೆ ಡೀಸೆಲ್ ಇಲ್ಲದೆಯೇ ಬೆಂಕಿ ಹತ್ತಬೇಕಿತ್ತು. "ಕಾರು ತಗಡಿಂದು," ಎಂದ.

ಆದರೆ ವಾಗೀಶ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಾಗಿತ್ತು. ಕಾಲೇಜಿನಲ್ಲಿ ಪ್ರತಿಯೊಂದಕ್ಕೂ ಪುರಾವೆ ಕೇಳುವ ಈ ಗಣಿತದ ಲೆಕ್ಚರರು ಶನಿಯ ವಿಷಯದಲ್ಲಿ ಯಾವ ಪುರಾವೆಯನ್ನೂ ಕೇಳುವವನಲ್ಲ. "ಅಕ್ಕ ಹೇಳೋದು ಸರಿ ಕಣಣ್ಣ. ನಾಳೆ ಬೆಳಿಗ್ಗೆ ಎದ್ದು ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು ಸ್ಟಾರ್ಟ್ ಮಾಡಾನ. ಇವತ್ತು ಇಲ್ಲೇ ಉಳ್ಕೊಳ್ಳಿ."

"ಬೆಳಿಗ್ಗೆ," ಎಂದ ರುದ್ರಮುನಿ. ಕೀಲಿ ಮತ್ತೆ ಆತನ ಜೇಬಿಗೆ ಹೋಯಿತು.

ಸಂಜೆಯಿಡೀ ಆತ ಹೆಂಡತಿಯೊಂದಿಗೆ ಮಾತಾಡಲಿಲ್ಲ. ವಾಗೀಶನೊಂದಿಗೆ ಮಾತ್ರ ಬೆಳಗಿನ ಪೂಜೆ ಎಷ್ಟೊತ್ತಿಗೆ, ಯಾರು ಮೊದಲು ಏಳುತ್ತಾರೆ, ಬೀದಿಯಲ್ಲಿ ಜನ ಎಷ್ಟೊತ್ತಿಗೆ ಓಡಾಡುತ್ತಾರೆ ಎಂದು ಬಹಳ ಆಸಕ್ತಿಯಿಂದ ವಿಚಾರಿಸಿದ.

ಬೆಳಕು ಹರಿಯುವ ಮುಂಚೆ ಹಾಸಿಗೆಯ ಆ ಬದಿ ಹಗುರಾದದ್ದು ಬಸವರಾಜೇಶ್ವರಿಗೆ ತಿಳಿಯಿತು. ಬಾಗಿಲಿನ ಚಿಲಕ ಮೆಲ್ಲಗೆ ಸರಿಯಿತು. ಅವಳು ಎದ್ದು ಕಿಟಕಿಯ ಬಳಿ ನಿಂತಳು. ಗಂಡ ಬನಿಯನ್ನು, ಲುಂಗಿ, ಚಳಿಗೆ ತಲೆಗೆ ಸುತ್ತಿದ ಟವೆಲ್ಲಿನಲ್ಲಿ ಕಾರಿನ ಬಾಗಿಲು ತೆಗೆದು, ಹ್ಯಾಂಡ್‌ಬ್ರೇಕು ಇಳಿಸಿ, ಒಂದು ಕೈ ಸ್ಟೇರಿಂಗಿಗೂ ಇನ್ನೊಂದು ಬಾಗಿಲಿನ ಚೌಕಟ್ಟಿಗೂ ಕೊಟ್ಟು ತಳ್ಳುತ್ತಿದ್ದ. ಮನೆಯಿಂದ ದೂರ ಒಯ್ದು, ಅಲ್ಲಿ ಸ್ಟಾರ್ಟು ಮಾಡಿ ಬಿಸಿ ಮಾಡಿ ತರುವ ಉಪಾಯ. ಅಂಗಡಿಯಲ್ಲಿ ಜಿಪ್ಪಿನ ಪೆಟ್ಟಿಗೆ ಎತ್ತಬೇಕಾದರೆ ಆಳನ್ನು ಕೂಗುವವನು ಇಂದು ಒಬ್ಬನೇ ಇಡೀ ಕಾರನ್ನು ತಳ್ಳುತ್ತಿದ್ದುದನ್ನು ನೋಡಿ ಅವಳಿಗೆ ಒಂದು ಕ್ಷಣ ಹೆಮ್ಮೆಯೂ ಆಯಿತು.

ಕಾರು ಮೊದಲು ಅಲುಗಲಿಲ್ಲ. ಆಮೇಲೆ ಅಲುಗಿತು. ಅದಾದ ಮೇಲೆ ಬೀದಿಯ ಇಳಿಜಾರು ಕೆಲಸ ವಹಿಸಿಕೊಂಡಿತು.

ಎದುರುಮನೆಯ ದೊಡ್ಡತಿಮ್ಮಪ್ಪ, ನಿವೃತ್ತ ಅಂಚೆಯವರು, ಹಾಲಿನವನಿಗಾಗಿ ಚೊಂಬು ಹಿಡಿದು ಜಗಲಿಯ ಮೇಲೆ ಕೂತಿದ್ದರು. ತಲೆಗೆ ಬಟ್ಟೆ ಸುತ್ತಿದ ಯಾವನೋ ಒಬ್ಬ, ವಾಗೀಶ ಮೇಷ್ಟ್ರ ಮನೆಯ ಮುಂದಿನ ಕಾರನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋಗುವುದು ಕಂಡಿತು. ಚೊಂಬು ಬಿಸಾಡಿ ಎದ್ದರು.

"ಕಳ್ಳ! ಕಳ್ಳ! ದೊಂಗ! ಯಾವನ್ಲಾ ಅವ್ನು? ಹಿಡೀರ್ರೋ!"

ಕನ್ನಡದಲ್ಲಿ ಏಳದವರು ತೆಲುಗಿನಲ್ಲಿ ಎದ್ದರು. ರುದ್ರಮುನಿ ಗಾಬರಿಯಿಂದ ಕಾರಿನ ಜೊತೆ ಓಡುತ್ತಾ ಒಳಕ್ಕೆ ಹಾರಿ ಬ್ರೇಕು ತುಳಿದ. ಎಂಜಿನ್ ಬಂದ್ ಇದ್ದಾಗ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂಬುದು ಆತನ ಪುರಾಣದ ಯಾವ ಅಧ್ಯಾಯದಲ್ಲೂ ಇರಲಿಲ್ಲ. ಪುಣ್ಯಕ್ಕೆ ಕೆಳಗೆ ಯಾರೋ ಮನೆ ಕಟ್ಟಲು ಮರಳು ಸುರಿಸಿದ್ದರು. ಕಾರು ಆ ಗುಡ್ಡೆಯಲ್ಲಿ ಮೂತಿ ಹುದುಗಿಸಿ ನಿಂತಿತು. ಬಸವರಾಜೇಶ್ವರಿ ಮಂಡಿನೋವು ಮರೆತು ಬರಿಗಾಲಲ್ಲಿ ಓಡಿದಳು. ಅಷ್ಟು ಹೊತ್ತು ತಡೆದಿದ್ದ ನಗುವೆಲ್ಲ ಎಲ್ಲೋ ಹೋಗಿತ್ತು. ಹೋಗಿ ನೋಡಿದರೆ ಗಂಡ ಗಟ್ಟಿಯಾಗಿಯೇ ಇದ್ದ. ದೊಡ್ಡತಿಮ್ಮಪ್ಪ ಆತನ ಬನಿಯನ್ನನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

ವಾಗೀಶ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. "ಅಣ್ಣಾ! ನೀವಾ?"

"ವಾಕಿಂಗಿಗೆ ಹೊಂಟಿದ್ದೆ," ಎಂದ ರುದ್ರಮುನಿ.

"ಕಾರ್ ತಳ್ಕೊಂಡಾ?" ಎಂದರು ದೊಡ್ಡತಿಮ್ಮಪ್ಪ. ಬನಿಯನ್ನು ಬಿಡಲಿಲ್ಲ.

"ಅಲ್ರಿ, ಮಂದಿ ಮಲಗ್ಯಾರ, ಸಪ್ಪಳ ಮಾಡೋದು ಬ್ಯಾಡ ಅಂತ..." ಎಂದವನು ಅರ್ಧಕ್ಕೆ ನಿಲ್ಲಿಸಿದ. ಸಪ್ಪಳ ಎಂಬ ಮಾತು ಆತನ ಬಾಯಿಂದಲೇ ಬಂದುಬಿಟ್ಟಿತ್ತು.

"ಸಂಗೀತ ಅಂದಿದ್ರಿ ನಿನ್ನೆ," ಎಂದಳು ಸುಮಾ. ಗುಂಪಿನ ಹಿಂದೆ ನಿಂತಿದ್ದಳು. ಮುಂದೆ ಬಂದು, ಬಾಗಿಲು ತೆಗೆದು, ಕೂತು ಕೀಲಿ ತಿರುಗಿಸಿದಳು.

ರಾತ್ರಿಯಿಡೀ ತಣ್ಣಗಾಗಿದ್ದ ಎಂಜಿನ್ನು ತನಗಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿತು. ಆ ಬಡಿತಕ್ಕೆ ಹತ್ತಿರವಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ದೊಡ್ಡತಿಮ್ಮಪ್ಪ ಬನಿಯನ್ನು ಬಿಟ್ಟು ಕಿವಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೇರಿತೇನೋ, ಸದ್ದು ಇಳಿಯಿತು. ಸುಮಾ ಎಂಜಿನ್ ಬಂದ್ ಮಾಡಿ, ಬಾವನನ್ನು ನೋಡದೆ ಅಕ್ಕನನ್ನು ನೋಡಿದಳು.

ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಡುತ್ತಾ ಸುಮಾ ಕೇಳಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಫೋನ್ ಮಾಡ್ದಾಗ ಒಂದ್ ಮಾತು ಹೇಳಾಕೆ ಏನಾಗಿತ್ತೇ ನಿಂಗೆ? ದಿನಾ ಅದ್ರಲ್ಲಿ ಹೋಗಿ ಬರೋಳು ನಾನು. ಅವರಲ್ಲ, ನೀನಲ್ಲ."

"ಹೇಳಿದ್ರ ಅವ್ರ ಮಾನ ಹೋಗ್ತಿತ್ತು."

"ಈಗ ಉಳೀತಾ?"

"ಈಗ ಅವ್ರೇ ಕಳ್ಕೊಂಡ್ರು. ನಾ ಕಳೀಲಿಲ್ಲ," ಎಂದಳು ಬಸವರಾಜೇಶ್ವರಿ. ಹಿಂದಿನ ದಿನ ಈ ಲೆಕ್ಕ ಬಹಳ ಜಾಣತನದ್ದು ಅನ್ನಿಸಿತ್ತು. ತಂಗಿಯ ಮುಂದೆ ಬಾಯಿಬಿಟ್ಟು ಹೇಳಿದಾಗ ಅದು ಗಂಡನ ಟರ್ಬೋ ವ್ಯಾಖ್ಯಾನದ ಹಾಗೇ ಕೇಳಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಮಾ ಸಮಾಧಾನ ಹೇಳಲಿಲ್ಲ. ಚಹಾ ಸೋಸಿ ಲೋಟವನ್ನು ಕೈಗಿಟ್ಟು, "ಸಕ್ರೆ ಕಮ್ಮಿ ಆಗಿದ್ರೆ ಹೇಳು" ಎಂದಳು ಅಷ್ಟೆ.

ಆಮೇಲೆ ನಡುಮನೆಗೆ ಹೋಗಿ ಟೀಚರ ದನಿಯಲ್ಲಿ ತೀರ್ಪು ಕೊಟ್ಟಳು. "ಬಾವ, ಗಾಡಿ ನಾನೇ ತಗೋತೀನಿ. ಚೈನು ನೀವು ಹಾಕಿಸಿ ಕೊಡ್ತೀರ. ಅದಾಗೋವರ್ಗೂ ಇಲ್ಲೇ ಇರ್ತೀರ. ಮುದ್ದೆ ನಾನು ಹಾಕ್ತೀನಿ."

ತನಗಿಂತ ಚಿಕ್ಕವಳ ಮುಂದೆ ಹೀಗೆ ಸಿಕ್ಕಿಬಿದ್ದ ರುದ್ರಮುನಿ ಹೂಂ ಎಂದ.

ಗಂಗರಾಜುವಿನ ಗ್ಯಾರೇಜು ರೊಳ್ಳದ ರಸ್ತೆಯಲ್ಲಿತ್ತು. ಆತ ಮೊದಲು ನೋಡುತ್ತೇನೆ ಎಂದ, ಆಮೇಲೆ ನಾಳೆ ಎಂದ, ಮರುದಿನ ಮದುವೆಗೆ ಹೋಗಿಬಿಟ್ಟ. ಕೊನೆಗೆ ಮುಚ್ಚಳ ಬಿಚ್ಚಿದಾಗ ಒಳಗಿನ ಎಣ್ಣೆ ರಸ್ತೆಗೆ ಹಾಕುವ ಟಾರಿನಂತೆ ಅಂಟಂಟಾಗಿ ಇಳಿಯಿತು. "ಇಂತಾವು ವಾರಕ್ಕೊಂದು ಬತ್ತಾವೆ ಸಾರ್," ಎಂದ ಆಕಳಿಸುತ್ತಾ. ಚೈನಿನ ಸೆಟ್ಟು ಹಿಂದೂಪುರದಿಂದ ಬಸ್ಸಿನಲ್ಲಿ ಬಂತು. ಬಿಡಿಭಾಗ ಎಲ್ಲೆಡೆ ಸಿಗುತ್ತದೆ ಎಂಬ ಮಾತು ಮಾತ್ರ ನಿಜವಾಯಿತು. ಅಷ್ಟೂ ದಿನ ರುದ್ರಮುನಿ ಗ್ಯಾರೇಜಿನ ಮುಂದೆ ಹಳೇ ಟೈರಿನ ಮೇಲೆ ಕೂತು, ಅಂಗಡಿಗೆ ಫೋನು ಮಾಡುತ್ತಾ, ಸಂಜೆ ಬೀದಿಯಲ್ಲಿ ದೊಡ್ಡತಿಮ್ಮಪ್ಪನವರ ಕಣ್ಣು ತಪ್ಪಿಸಿ ಓಡಾಡುತ್ತಾ ಕಳೆದ. ಅವರು ಕಂಡಾಗಲೆಲ್ಲ, "ಏನ್ ಸಾರ್, ವಾಕಿಂಗಾ?" ಎನ್ನುತ್ತಿದ್ದರು.

ಹೊಸ ಚೈನು, ಹೊಸ ಎಣ್ಣೆ, ಮಸಿ ತೆಗೆದ ವಾಲ್ವು. ಬೆಳಿಗ್ಗೆ ತಣ್ಣಗಿನ ಎಂಜಿನ್ನಿಗೆ ಕೀಲಿ ತಿರುಗಿಸಿದರೆ ಹೊಲಿಗೆ ಮಿಷನ್ನಿನಂತೆ ಒಂದೇ ಸಮ ನುಡಿಯಿತು. ರುದ್ರಮುನಿ ಬಾನೆಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತ. ಆತನ ಮುಖದಲ್ಲಿ ಏನೋ ಕರಗುತ್ತಿತ್ತು.

"ರಾಜೇಶ್ವರಿ," ಎಂದ ಮೆಲ್ಲಗೆ, "ಇಂಥ ಎಂಜಿನ್ ಯಾರಾದ್ರು ಮಾರ್ತಾರೇನ?"

ಬಸವರಾಜೇಶ್ವರಿ ಕಾರಿನೊಳಗೆ ಕೈ ಹಾಕಿ ಕೀಲಿ ತೆಗೆದು ತಂಗಿಯ ಕೈಗೆ ಕೊಟ್ಟಳು. ಇಬ್ಬರನ್ನೂ ಬಸ್‌ಸ್ಟ್ಯಾಂಡಿಗೆ ಬಿಟ್ಟವಳು ಸುಮಾ. ಅಕ್ಕನಿಗೆ ಕೈ ಬೀಸಿದಳು, ಆದರೆ ಕಾರಿನಿಂದ ಇಳಿಯಲಿಲ್ಲ. ಪಾವಗಡದ ಬಸ್ಸಿನಲ್ಲಿ ಕೂತ ಮೇಲೂ ಬಸವರಾಜೇಶ್ವರಿಗೆ ಅದೇ ಕಾಡಿತು.

ರಾಯದುರ್ಗದಲ್ಲಿ ಈ ಕತೆ ಬೇರೆಯಾಯಿತು. "ಮನೀಯವ್ರಿಗೆ ಕೊಡಬೇಕಾದ್ರ ಸರಿ ಮಾಡಿ ಕೊಡಬೇಕ್ರಿ," ಎಂದು ರುದ್ರಮುನಿ ಗಿರಾಕಿಗಳಿಗೆ ಹೇಳತೊಡಗಿದ. "ನಾ ಹೊಸಾ ಚೈನು ಹಾಕ್ಸಿ, ವಾರಗಟ್ಲೆ ಅಲ್ಲೇ ನಿಂತು ಮಾಡ್ಸಿ ಕೊಟ್ಟೆ. ಈಗಿನ ಕಾಲದಾಗ ಯಾರು ಮಾಡ್ತಾರ?" ಗಿರಾಕಿಗಳು ಇಲ್ಲವೆಂದು ತಲೆಯಾಡಿಸುತ್ತಿದ್ದರು.

ಎರಡು ತಿಂಗಳು ಸುಮಾಳ ಫೋನು ಬಂದದ್ದು ಕಡಿಮೆ. ಬಂದಾಗಲೂ ಮಾತು ಬಿಸಿಲು, ಮಳೆಗಳಲ್ಲೇ ಮುಗಿಯುತ್ತಿತ್ತು. ಒಂದು ಭಾನುವಾರ ಮನೆಗೆ ಅಂಟಿಕೊಂಡ ಅಂಗಡಿಯ ಮುಂದೆ ಧೂಳು ಹೊತ್ತ ಕಾರು ಬಂದು ನಿಂತಿತು. ಮಡಕಶಿರಾದಿಂದ ಅಷ್ಟು ದೂರ ಒಬ್ಬಳೇ ಓಡಿಸಿಕೊಂಡು ಬಂದಿದ್ದಳು ಸುಮಾ. ರುದ್ರಮುನಿ ಗುಂಡಿಗಳ ಡಬ್ಬಿ ಬಿಟ್ಟು ಓಡಿದ. ನಾದಿನಿಗೆ ಬಾ ಎನ್ನದೆ ನೇರ ಹೋಗಿ ಬಾನೆಟ್ಟು ಎತ್ತಿದ.

"ಟೈಮಿಗೆ ಆಯಿಲ್ ಹಾಕಿಸ್ತಿ ಹೌದಿಲ್ಲೋ? ಈ ಎಂಜಿನ್ನಿಗೆ ಅದೊಂದು ತಪ್ಪಿಸಬಾರ್ದವ್ವಾ. ಭಾಳ ಮಂದಿ ಹಾಳ ಮಾಡೋದ ಅಲ್ಲಿ," ಎಂದು ಒಳಗೆ ತಲೆ ಹಾಕಿಕೊಂಡೇ ಬುದ್ಧಿ ಹೇಳಿದ.

ಸುಮಾ ಮನೆಯ ಬಾಗಿಲಿಗೆ ಬಂದಿದ್ದ ಅಕ್ಕನ ಮುಖ ನೋಡಿದಳು. ಅಕ್ಕ ತಂಗಿಯ ಮುಖ ನೋಡಿದಳು. ಮೊದಲು ಯಾರು ನಕ್ಕರೆಂದು ಹೇಳುವುದು ಕಷ್ಟ. ನಗು ನಿಲ್ಲಿಸಲಾಗದೆ ಬಸವರಾಜೇಶ್ವರಿ ತಂಗಿಯ ತೋಳು ಹಿಡಿದುಕೊಂಡಳು. "ಬಾರವ್ವಾ, ಉಗ್ಗಾಣಿ ಮಾಡೀನಿ, ಬಜ್ಜಿ ಬಿಸಿ ಅದಾವು," ಎಂದು ಒಳಗೆ ಕರೆದುಕೊಂಡು ಹೋದಳು. ಹೊರಗೆ ರುದ್ರಮುನಿ ದಾರಿಹೋಕನೊಬ್ಬನನ್ನು ನಿಲ್ಲಿಸಿ ಚೈನಿನ ವಿಷಯ ಹೇಳುತ್ತಿದ್ದ.